ಪಿಕಪ್ಪಿನ ಮೂತಿ ಎತ್ತಿಸಿದ್ದು

ನಮ್ಮ ಯಜಮಾನರಿಗೆ ಗಾಡಿಯ ಮುಂಭಾಗ ಎತ್ತರಿಸಬೇಕು ಎಂಬ ಜ್ಞಾನೋದಯವಾದದ್ದು ನನ್ನ ತಂಗಿಯ ಮಗುವಿನ ನಾಮಕರಣದಲ್ಲಿ. ತಂಗಿಯ ಗಂಡ ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಅವನು ತನ್ನ ಜೀಪನ್ನು ಎತ್ತರ ಮಾಡಿಸಿಕೊಂಡು ಬಂದು, ಬೇರೆ ಜಾಗವೇ ಇಲ್ಲವೆಂಬಂತೆ, ನಮ್ಮ ಪಿಕಪ್ಪಿನ ಮಗ್ಗುಲಲ್ಲೇ ನಿಲ್ಲಿಸಿದ. ಷಡ್ಡಕನ ಎದುರು ಗಾಡಿ ಗಿಡ್ಡವಾಗಿ ಕಂಡರೆ ಯಾವ ಗಂಡಸಿಗೆ ತಾನೇ ಪಾಯಸ ಗಂಟಲಲ್ಲಿ ಇಳಿಯುತ್ತದೆ? ಮಗುವಿಗೆ ಏನು ಹೆಸರಿಟ್ಟರು ಎಂದು ಕೇಳಿದರೆ ಇವರು ಇವತ್ತಿಗೂ ತಡವರಿಸುತ್ತಾರೆ. ಜೀಪಿನ ಬಾನೆಟ್ಟು ತಮ್ಮ ಅಂಗಿಯ ಯಾವ ಗುಂಡಿಯವರೆಗೆ ಬರುತ್ತಿತ್ತು ಎಂಬುದನ್ನು ಮಾತ್ರ ಮುಟ್ಟಿ ತೋರಿಸುತ್ತಾರೆ.

ನಮ್ಮದು ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುವ ಗಾಡಿ. ಅನುಗೊಂಡನಹಳ್ಳಿಯ ಕಡೆ ಅಂಥ ಗಾಡಿ ಹತ್ತಬೇಕಾದ ಬೆಟ್ಟ ಯಾವುದೆಂದು ದಯವಿಟ್ಟು ಕೇಳಬೇಡಿ. ನಮ್ಮ ತೋಟಕ್ಕೂ ಟಾರು ರಸ್ತೆಗೂ ನಡುವೆ ಇರುವ ಒಂದೇ ಒಂದು ಏರು ಎಂದರೆ ಕೆರೆ ಏರಿ. ಅದನ್ನು ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ಡುಗಳೂ ಹತ್ತುತ್ತವೆ. ಫೋರ್‌ವೀಲ್ ಲಿವರನ್ನು ಇವರು ನೆಂಟರಿಗೆ ತೋರಿಸಲು ಎಳೆದದ್ದು ಬಿಟ್ಟರೆ ಬೇರೆ ಕೆಲಸಕ್ಕೆ ಮುಟ್ಟಿದ್ದನ್ನು ನಾನು ಕಂಡಿಲ್ಲ.

ಇಷ್ಟಕ್ಕೂ ಗಾಡಿ ಓಡಿಸುತ್ತಿದ್ದವಳು ನಾನು. ಬೀಟ್‌ರೂಟ್ ಮೂಟೆ ಹೇರಿಕೊಂಡು ಬೆಳಗಿನ ಜಾವ ಹೊಸಕೋಟೆ ಮಾರ್ಕೆಟ್ಟಿಗೆ ಹೋಗುವ ಕೆಲಸ ನನ್ನದು. ಇವರಿಗೆ ಬೆಳಗಿನ ಚಳಿ ಆಗುವುದಿಲ್ಲ, ಬೇಸಿಗೆಯಲ್ಲೂ. ನಾನು ಡ್ರೈವಿಂಗ್ ಕಲಿತದ್ದು ತಡವಾಗಿ, ಒಣಗಿದ ಕೆರೆಯಂಗಳದಲ್ಲಿ, ಊರಿನವರು ಏರಿಯ ಮೇಲೆ ಸಾಲಾಗಿ ನಿಂತು ನಗುತ್ತಿರುವಾಗ. ಆದರೂ ಬಿಡಲಿಲ್ಲ. ಎಲ್ಲಿಗೆ, ಯಾಕೆ, ಎಷ್ಟೊತ್ತಿಗೆ ಬರ್ತೀಯ ಎಂದು ಯಾರೂ ಕೇಳದ ಜಾಗ ನನಗೆ ಇದ್ದದ್ದು ಆ ಸೀಟೊಂದೇ. ಮಾಲು ಇಳಿಸಿ ವಾಪಸು ಬರುವಾಗ ರಸ್ತೆ ಬದಿಯಲ್ಲಿ ನಿಲ್ಲಿಸಿ, ಒಬ್ಬಳೇ ಬಿಸಿ ಇಡ್ಲಿ ತಿನ್ನುವ ಸುಖವನ್ನು ನಾನು ಯಾರಿಗೂ ಬಿಟ್ಟುಕೊಡಲು ತಯಾರಿರಲಿಲ್ಲ.

ಹೊಸಕೋಟೆಯ ಗ್ಯಾರೇಜಿನವನು ಮುಂದಿನ ಸ್ಪ್ರಿಂಗುಗಳ ತಲೆಯ ಮೇಲೆ ದಪ್ಪ ಕಬ್ಬಿಣದ ಬಿಲ್ಲೆ ಕೂರಿಸಿ, ಉದ್ದನೆಯ ಶಾಕ್ ಅಬ್ಸಾರ್ಬರ್ ಹಾಕಿ, ಗಾಡಿಯ ಮೂತಿಯನ್ನು ನಾಲ್ಕು ಬೆರಳು ಎತ್ತಿ ಕಳಿಸಿದ. ಇವರು ಅದಕ್ಕೆ ಹೊಸ ಗಾಡಿಗೆ ಮಾಡಿದಂತೆ ಮತ್ತೊಮ್ಮೆ ಪೂಜೆ ಮಾಡಿ, ಚಕ್ರದಡಿ ನಿಂಬೆಹಣ್ಣಿಟ್ಟು, ಕುಂಬಳಕಾಯಿ ಒಡೆದರು. ನಾಲ್ಕು ಬೆರಳಿಗೆ ದೃಷ್ಟಿಯಾದರೆ ಏನು ಗತಿ?

ಖಾಲಿ ನಿಂತಾಗ ಗಾಡಿ ಚೆನ್ನಾಗಿಯೇ ಕಾಣುತ್ತಿತ್ತು, ಅದನ್ನು ಒಪ್ಪುತ್ತೇನೆ. ಆದರೆ ಪಿಕಪ್ಪಿನ ಹಿಂಭಾಗವನ್ನು ಕಂಪನಿಯವರು ಮಾಡುವಾಗಲೇ ಸ್ವಲ್ಪ ಎತ್ತರ ಇಟ್ಟಿರುವುದು ಮೂಟೆ ಬಿದ್ದಾಗ ಇಳಿದು ಸಮವಾಗಲಿ ಎಂದು. ಮುಂದೆ ಎತ್ತಿಸಿದ ಗಾಡಿಗೆ ಬೀಟ್‌ರೂಟ್ ಹೇರಿದೆವು. ಹಿಂದೆ ಕುಸಿದು, ಮೂತಿ ಆಕಾಶ ನೋಡಿತು. ಹೆಡ್‌ಲೈಟಿನ ಬೆಳಕು ರಸ್ತೆಯನ್ನು ಬಿಟ್ಟು ನೀಲಗಿರಿ ಮರಗಳ ತುದಿಗೆ ಬಿತ್ತು. ಹೊಸಕೋಟೆಯವರೆಗಿನ ಕಾಗೆಗಳಿಗೆಲ್ಲ ಅವತ್ತು ಬೇಗ ಬೆಳಗಾಯಿತು. ನಾನೋ ಕುಳ್ಳಿ. ದಿಂಬು ಹಾಕಿಕೊಂಡು ಕೂತರೆ ಕಾಲು ಕ್ಲಚ್ಚಿಗೆ ಎಟುಕುವುದಿಲ್ಲ, ದಿಂಬು ತೆಗೆದರೆ ಬಾನೆಟ್ಟು ಬಿಟ್ಟು ಬೇರೇನೂ ಕಾಣುವುದಿಲ್ಲ.

“ರೀ, ಮುಂದೆ ಏನೂ ಕಾಣಲ್ಲ ಕಣ್ರೀ,” ಅಂದೆ.

“ಅಭ್ಯಾಸ ಆಗ್ತದೆ ಕಣೆ. ದೊಡ್ಡ ಗಾಡಿ ಅಂದ್ರೆ ಹಂಗೇಯ.”

ಅಭ್ಯಾಸವಾಗುವ ಮೊದಲೇ ಆಗಬಾರದ್ದು ಆಗುವುದರಲ್ಲಿತ್ತು. ತೋಟದ ಗೇಟು ಇಕ್ಕಟ್ಟು. ಮೂಟೆ ತುಂಬಿದ ಗಾಡಿಯನ್ನು ಹೊರಗೆ ತರುವಾಗ ಇವರು ಮುಂದೆ ನಿಂತು, ವಿಮಾನ ಇಳಿಸುವವರಂತೆ ಕೈ ಬೀಸುತ್ತ, “ಬಾ, ಬಾ, ಬಾ” ಅನ್ನುತ್ತಿದ್ದರು. ನನಗೆ ಬೀಸುವ ಕೈಗಳಷ್ಟೇ ಕಾಣುತ್ತಿದ್ದವು. ಆಮೇಲೆ ಅವೂ ಕಾಣಲಿಲ್ಲ. ಪಕ್ಕಕ್ಕೆ ಸರಿದರೇನೋ ಎಂದುಕೊಂಡು ಕ್ಲಚ್ ಬಿಟ್ಟೆ. ಬಾನೆಟ್ಟಿನ ಮೇಲೆ ಧಡ್ ಧಡ್ ಎಂದು ಏಟು ಬಿತ್ತು. ಚಕ್ರಕ್ಕೆ ಅಡ್ಡವಿದ್ದ ಕಲ್ಲು ತೆಗೆಯಲು ಇವರು ಬಗ್ಗಿದ್ದರಂತೆ.

“ಲೇ, ನಾನ್ ಕಾಣ್ಲಿಲ್ವೇನೆ?”

“ಇಲ್ಲ ಕಣ್ರೀ.”

ಎಂಜಿನ್ ಆರಿಸಿ ಹ್ಯಾಂಡ್‌ಬ್ರೇಕ್ ಎಳೆದೆ. ಇವರ ಮೇಲೆ ನನಗೆ ನಾನಾ ತರದ ಸಿಟ್ಟಿದೆ, ಆದರೆ ಗಾಡಿ ಹತ್ತಿಸುವಷ್ಟಿಲ್ಲ. ಇವತ್ತಾದರೂ ಬುದ್ಧಿ ಬಂತು, ಇಳಿಸಿಬಿಡುತ್ತಾರೆ ಎಂದುಕೊಂಡೆ. ಇಳಿಸಿದರು, ನನ್ನನ್ನು. ಕೈಚಾಚಿ ಕೀ ತೆಗೆದುಕೊಂಡು, “ನಾಳೆಯಿಂದ ನೀನ್ ಮುಟ್ಬೇಡ. ಇಂಥ ಗಾಡಿ ಹೆಂಗಸ್ರಿಗೆ ಆಗಲ್ಲ,” ಎಂದರು. ಇವರ ಕುತ್ತಿಗೆಯವರೆಗೆ ಬಂದದ್ದು ಬಾನೆಟ್ಟು, ತಪ್ಪು ಮಾತ್ರ ನನ್ನ ಕುತ್ತಿಗೆಗೆ.

ಮರುದಿನದಿಂದ ಚಳಿಯನ್ನು ಗೆದ್ದು ಅವರೇ ಓಡಿಸಿದರು. ನಾನು ಲೆಕ್ಕ ನೋಡಲು ಪಕ್ಕದಲ್ಲಿ ಕೂತೆ. ಮಾರ್ಕೆಟ್ಟಿನಲ್ಲಿ ಸಿಕ್ಕವರೆಲ್ಲ, “ಏನ್ ಗುರು, ಸಖತ್ ಎತ್ರ!” ಎಂದು ಹೊಗಳಿದರು. ಬರುವಾಗ ಎಲ್ಲೂ ನಿಲ್ಲಿಸಲಿಲ್ಲ. ಮನೆಯಲ್ಲಿ ಮುದ್ದೆ ಇದೆಯಲ್ಲ! ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಅತ್ತೆ. ಇವರು ಧೂಳು ಎಂದು ಗಾಜು ಏರಿಸಿದರು.

ಒಂದು ದಿನ ಇವರು ಷಡ್ಡಕನ ಜೀಪಿನಲ್ಲಿ ಮದುವೆಗೆ ಹೋದರು. ಕೀ ಗೂಟದಲ್ಲಿತ್ತು. ಖಾಲಿ ಗಾಡಿಯ ಮೂತಿ ಮೂಟೆ ಹೇರಿದಾಗಿನಷ್ಟು ಮೇಲೇಳುವುದಿಲ್ಲ, ಕತ್ತು ಚಾಚಿದರೆ ರಸ್ತೆ ಕಾಣುತ್ತದೆ. ಕತ್ತು ಚಾಚಿಕೊಂಡೇ ಲಾರಿಗಳ ಮಧ್ಯೆ ಹೊಸಕೋಟೆಯ ಗ್ಯಾರೇಜಿಗೆ ಹೋಗಿ ನಿಲ್ಲಿಸಿದೆ.

“ಮೊದ್ಲೆಂಗಿತ್ತೋ ಹಂಗೇ ಇಳ್ಸಪ್ಪಾ,” ಅಂದೆ.

“ಅಣ್ಣನ್ನ ಕೇಳಿದ್ರಾ ಅಕ್ಕಾ?”

ನನ್ನ ಉತ್ತರಕ್ಕೂ ಕಾಯದೆ ಫೋನು ಮಾಡಿ, ಇಬ್ಬರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದ. “ಅಣ್ಣಾ, ಅಕ್ಕ ಬಂದವ್ರೆ. ಗಾಡಿ ಇಳ್ಸು ಅಂತವ್ರೆ.”

“ಅವಳ ಮಾತ್ ಕೇಳ್ಬೇಡ ಕಣೋ. ಅವಳಿಗೆ ಆ ಗಾಡಿ ಓಡ್ಸಕ್ಕೇ ಆಗಲ್ಲ. ಯಾರು ತಂದ್ರು ಗಾಡಿನ?”

ಗ್ಯಾರೇಜಿನವನು ನನ್ನ ಹಿಂದೆ ನೋಡಿದ, ಕ್ಯಾಬಿನ್ನಿನೊಳಗೆ ಇಣುಕಿದ.

“ಯಾರೂ ಇಲ್ಲಣ್ಣಾ. ಅಕ್ಕನೇ ಓಡಿಸ್ಕೊಂಡ್ ಬಂದವ್ರೆ.”

ಫೋನಿನಲ್ಲಿ ಸ್ವಲ್ಪ ಹೊತ್ತು ಬರೀ ಮದುವೆಯ ಓಲಗ ಕೇಳಿಸಿತು.

“ಜಾಕ್ ಹಾಕಪ್ಪಾ,” ಅಂದೆ. ಹಾಕಿದ.