ರವೀಂದ್ರನೂ ಹಣೆಯ ಪಟ್ಟಿಯೂ

ಗೋವಿಂದನಹಳ್ಳಿಯ ರವೀಂದ್ರ, ಕೆ.ಆರ್. ಪೇಟೆಯ ನರ್ಸಿಂಗ್ ಹೋಮೊಂದರ ಆಪರೇಷನ್ ಥಿಯೇಟರಿನಲ್ಲಿ ಟೆಕ್ನಿಷಿಯನ್. ಊರಿನಲ್ಲಿ ಮಾತ್ರ ಅರ್ಧ ಡಾಕ್ಟರು. ಮಿದುಳಿನ ಅಲೆ ಅಳೆಯುವ ಮಿಷನ್ನು ಬಂದ ಮೇಲಂತೂ ಪೂರ್ತಿ ಡಾಕ್ಟರೇ ಆಗಿಬಿಟ್ಟ. "ಅಣೆ ಮ್ಯಾಲೆ ಒಂದು ಪಟ್ಟಿ ಅಂಟಿಸ್ದೆ ಅಂದ್ರೆ, ಯಾರು ಎಷ್ಟು ಆಳಕ್ಕೆ ಮಲಗವ್ರೆ ಅಂತ ಏಳ್ಬುಡ್ತೀನಿ," ಎಂದು ಟೀ ಅಂಗಡಿಯಲ್ಲಿ ಕೊಚ್ಚಿಕೊಳ್ಳುತ್ತಿದ್ದ. ಕೇಳಿದವರು, ನಮ್ಮ ಗ್ರಾಮ ಪಂಚಾಯ್ತಿಯವರಿಗೂ ಒಂದೊಂದು ಅಂಟಿಸಪ್ಪಾ ಎನ್ನುತ್ತಿದ್ದರು.

ಇಂಥ ಶೂರನಿಗೆ ಒಂದು ಚಿಟಿಕೆ ಕುಂಕುಮ ಮಣ್ಣು ಮುಕ್ಕಿಸಿತು.

ಬೆಳ್ಳೂರಿನ ಅರ್ಪಿತಳಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ನು. ಥಿಯೇಟರಿನ ಬಾಗಿಲಲ್ಲಿ ಅತ್ತೆ ಚಿಕ್ಕಬೋರಮ್ಮ ಮನೆದೇವರ ಕುಂಕುಮವನ್ನು ಸೊಸೆಯ ಹಣೆ ತುಂಬ ಬಳಿದಳು. ಪಟ್ಟಿ ಅಂಟಬೇಕಾದರೆ ಹಣೆ ಶುಚಿಯಾಗಿರಬೇಕು. ರವೀಂದ್ರ ಹತ್ತಿ ಎತ್ತಿದ್ದೇ ತಡ, ಮುದುಕಿ ಗುಡುಗಿದಳು: "ಮುತ್ತೈದೆ ಅಣೆ ಒರೆಸ್ತೀಯೇನ್ಲಾ? ಮುಟ್ಟು ನೋಡುವ!"

ದಿನವೂ ರಕ್ತ ನೋಡುವ ಗಂಡಸು ಹತ್ತಿಯನ್ನು ಜೇಬಿಗಿಳಿಸಿದ. ಒಳಗೆ ಹೋದ ಮೇಲಾದರೂ ಒರೆಸಬಹುದಿತ್ತು. ಶಾಪ ತಟ್ಟೀತೆಂದು ಕೈ ಬರಲಿಲ್ಲ. ಕುಂಕುಮದ ಮೇಲೇ ಪಟ್ಟಿ ಒತ್ತಿದ. ಅದು ಅಂಟಲಿಲ್ಲ, ಮಿಷನ್ನು ಕೂಗಿಕೊಂಡಿತು. ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸಿದ.

ಮೈಸೂರಿನಿಂದ ಬಂದಿದ್ದ ಅರಿವಳಿಕೆ ಡಾಕ್ಟರು ಮದ್ದು ಕೊಟ್ಟು, ಫೋನು ಹಿಡಿದು ಅತ್ತ ತಿರುಗಿದ್ದರು.

"ಹೇಗಿದಾರಪ್ಪಾ?"

"ಚೆನ್ನಾಗಿ ಮಲಗವ್ರೆ ಸಾರ್."

ಕೈಕಾಲು ಆಡದಂತೆ ಮಾಡುವ ಮದ್ದು ಬೇರೆ, ನಿದ್ದೆಯ ಮದ್ದು ಬೇರೆ. ಎರಡನೆಯದು ಸಾಲದಿದ್ದರೆ ರೋಗಿ ಎಚ್ಚರವಿದ್ದೂ ಕೂಗಲಾರಳು. ಇದು ರವೀಂದ್ರನಿಗೆ ಚೆನ್ನಾಗಿ ಗೊತ್ತಿತ್ತು. ಆಪರೇಷನ್ನು ಶುರುವಾಗುತ್ತಲೇ ಅರ್ಪಿತಳ ನಾಡಿ ಎಪ್ಪತ್ತರಿಂದ ನೂರಮೂವತ್ತಕ್ಕೆ ಜಿಗಿಯಿತು. ಮುಚ್ಚಿದ ಕಣ್ಣಂಚಿನಿಂದ ನೀರು ಇಳಿಯಿತು. ಹೇಳಿದರೆ ಪಟ್ಟಿಯ ಗುಟ್ಟು ರಟ್ಟು, ಕೆಲಸಕ್ಕೂ ಕುತ್ತು. ಹೇಡಿ, ತುಟಿ ಹೊಲಿದುಕೊಂಡು ನಿಂತ. ಕೊನೆಗೆ ಫೋನು ಮುಗಿಸಿ ತಿರುಗಿದ ಡಾಕ್ಟರೇ ಬೆಚ್ಚಿಬಿದ್ದು ಮದ್ದು ಏರಿಸಿದರು. ಅಷ್ಟರಲ್ಲಿ ಆರು ನಿಮಿಷ ಕಳೆದಿತ್ತು.

ಮನೆಗೆ ಹೊರಡುವ ದಿನ ಚಿಕ್ಕಬೋರಮ್ಮ ಅವನನ್ನೇ ಹುಡುಕಿಕೊಂಡು ಹಣ್ಣುಕಾಯಿ ತಂದಳು. "ಕುಂಕುಮ ಉಳಿಸ್ದೆ ಕಣಪ್ಪ. ಅದ್ಕೇ ಸೊಸೆ ಉಸಾರಾದ್ಲು."

ಅವನು ಒಂದಿಷ್ಟೂ ನಾಚದೆ ಎರಡೂ ಕೈ ಒಡ್ಡಿದ. "ಎಲ್ಲಾ ದೇವ್ರ ದಯೆ ಕಣವ್ವ. ಅವ್ರೂ ಚೆನ್ನಾಗಿ ಮಲಗಿದ್ರು."

ಆ ದನಿ ಕೇಳಿದ್ದೇ ಪಕ್ಕದಲ್ಲಿ ನಿಂತಿದ್ದ ಅರ್ಪಿತಳ ಮುಖ ಬಿಳಿಚಿಕೊಂಡಿತು. ಅತ್ತೆಯ ತೋಳು ಹಿಡಿದುಕೊಂಡು ಅವನನ್ನೇ ನೋಡಿದಳು.

"ಅವತ್ತೂ ಇಂಗೇ ಅಂದ್ರಿ, ಅಣ್ಣಾ. ಇಲ್ಲ, ಎಚ್ಚರವಾಗಿವ್ನಿ ಅಂತ ಎಷ್ಟು ಕೂಗ್ಕಂಡೆ. ಬಾಯೇ ಬರ್ನಿಲ್ಲ."