ಸೊಣ್ಣಮ್ಮ ಕೂಗಿದ ಹೆಸರು

ಪುಟ್ಟೇನಹಳ್ಳಿಯಲ್ಲಿ ಸೈಕಲ್ ತುಳಿದ ಮೊದಲ ಹೆಂಗಸು ನನ್ನ ಹೆಂಡತಿ ಸೊಣ್ಣಮ್ಮ. ದಿನಾ ಬೆಳಗ್ಗೆ ಸೊಪ್ಪಿನ ಕುಕ್ಕೆ ಕಟ್ಟಿಕೊಂಡು ಅವಳು ಜಯನಗರಕ್ಕೆ ತುಳಿದರೆ, ನಾನು ಪಕ್ಕದಲ್ಲೇ ಓಡುತ್ತಿದ್ದೆ. "ಮುದಿ ಎತ್ತೇ ವಾಸಿ!" ಎಂದು ಛೇಡಿಸುತ್ತಿದ್ದಳು. ಆದರೆ ಹೆಸರು ಹಿಡಿದು ಕರೆದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆಂದು ನಂಬಿದವಳು, ನನ್ನ ಹೆಸರನ್ನು ಒಮ್ಮೆಯೂ ಎತ್ತಿರಲಿಲ್ಲ.

ಅರವತ್ತೆರಡನೇ ಇಸವಿಯಲ್ಲಿ ಜಯನಗರದಿಂದ ಹುಳಿಮಾವಿನ ಕೆರೆಯವರೆಗೆ ಓಟದ ಪಂದ್ಯ ನಡೆಯಿತು. ಎಲ್ಲರಿಗಿಂತ ನಾನೇ ಮುಂದೆ! ಗೆದ್ದೇಬಿಟ್ಟೆ ಎಂಬ ಗುಂಗಿನಲ್ಲಿದ್ದಾಗ ಕವಲಿನಲ್ಲಿ ಕಾಲು ತಾನಾಗಿ ದಿನದ ದಾರಿಯನ್ನೇ ಹಿಡಿಯಿತು.

ಸೈಕಲ್ಲಿನಲ್ಲಿ ಹಿಂದೆ ಬರುತ್ತಿದ್ದ ಸೊಣ್ಣಮ್ಮ "ಇಗಾ, ಇಲ್ನೋಡಿ!" ಎಂದು ಕೂಗಿದಳು. ಉಳಿದ ಓಟಗಾರರೆಲ್ಲ ತಿರುಗಿ ನೋಡಿದರು, ನಾನು ನೋಡಲಿಲ್ಲ. ಕಡೆಗೆ ಗಂಟಲು ಹರಿಯುವಂತೆ ಅರಚಿದಳು:

"ಚಿಕ್ಕಬೈರಪ್ಪಾ! ಅದು ನಮ್ಮನೆ ದಾರಿ ಕಣಯ್ಯಾ!"

ಗಕ್ಕನೆ ನಿಂತೆ. ತಿರುಗಿ, ಹಗ್ಗ ಕಿತ್ತ ಹೋರಿಯಂತೆ ನುಗ್ಗಿ, ಒಂದೇ ಮಾರಿನಿಂದ ಗೆದ್ದೆ!

ಹಾರ ಹಾಕಿಸಿಕೊಂಡು ಬಂದರೆ ಅವಳು ಕೆನ್ನೆ ಬಡಿದುಕೊಳ್ಳುತ್ತಿದ್ದಳು. "ಹೆಸರು ಹೇಳ್ಬಿಟ್ಟೆ, ನಿಮಗೇನಾದ್ರೂ ಆದ್ರೆ?"

"ಆಗಿದ್ದು ಗೆಲುವು ಕಣೇ. ಇನ್ನೊಂದು ಸಲ ಕೂಗು!"

ಈಗ ನನಗೆ ಎಂಬತ್ತಾರು. ಇವತ್ತು ಬೆಳಗ್ಗೆಯೂ ಬಾಗಿಲಲ್ಲಿ ನಿಂತು ಹೆಸರು ಹಿಡಿದೇ ಕೂಗಿದಳು, ಓಡೋಕೆ ಹೊತ್ತಾಯಿತೆಂದು.