ಅರ್ಜಿ ಓದುತ್ತಿದ್ದ ಮಾಸ್ತರರು

ಎಡದವಡೆಯಲ್ಲಿ ಸದಾ ಒಂದು ಲವಂಗ, ಕೆಳತುಟಿಯ ನಡುವೆ ಒಣಗಿದ ಬಿರುಕು. ಹುಕ್ಕೇರಿಯ ನಮ್ಮ ಕಂಪ್ಯೂಟರ್ ಸೆಂಟರಿನಲ್ಲಿ ಆ ನಿವೃತ್ತ ಮಾಸ್ತರರ ಕೆಲಸ ಓದುವುದು, ನನ್ನದು ಟೈಪ್ ಮಾಡುವುದು. ಆ ವರ್ಷ ಜೈನ ಸಮಾಜದ ವಧೂವರ ಮೇಳಾವಾಕ್ಕೆ, ಅಂದರೆ ಸಮಾವೇಶಕ್ಕೆ, ಎಲ್ಲರ ವಿವರಗಳ ಪುಸ್ತಕ ಮಾಡಿಕೊಡಬೇಕಿತ್ತು. ಕಣಗಲಾ, ಅಂಕಲಗಿ, ಮೂಡಲಗಿ ಕಡೆಯಿಂದ ಬಂದ ಆರುನೂರು ಚಿಲ್ಲರೆ ಅರ್ಜಿಗಳನ್ನು ಅವರು ಒಂದೊಂದಾಗಿ ಓದುವರು. ಎತ್ತರ ಬಂದಾಗ ಮಾತ್ರ ತಡೆದು, "ನಾಲ್ಕ ಫೂಟ ಹತ್ತ ಇಂಚ ಅಂತ. ಪಾಪ, ಈ ಹುಡುಗಿ ಒಬ್ಬಾಕಿ ಖರೆ ಬರದಾಳ ನೋಡು" ಎನ್ನುವರು.

ಮೇಳಾವಾಕ್ಕೆ ಎಂಟು ದಿನವಿರುವಾಗ, ಮಟಮಟ ಮಧ್ಯಾಹ್ನ ಫಟ್ಟನೆ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ತಿಂಗಳಾಗಿತ್ತು. ಮಾಲಕರಿಗೆ ಹೇಳಿ ಹೇಳಿ ನನಗೂ ಸಾಕಾಗಿತ್ತು. ಕರೆಂಟ್ ಬಂದ ಮೇಲೆ ಡೇಟಾಬೇಸ್ ತೆರೆಯಲೇ ಇಲ್ಲ. ರಿಪೇರಿ ಪ್ರೋಗ್ರಾಂ ಹಾಕಿದೆ. ತೆರೆಯಿತು, ಆದರೆ ಒಬ್ಬಳ ಹೆಸರಿಗೆ ಇನ್ನೊಬ್ಬಳ ತಂದೆ, ವರನ ಎತ್ತರ ವಧುವಿಗೆ!

"ದಿನಾ ಫ್ಲಾಪಿಗೆ ಕಾಪಿ ತಗೀತಿದ್ದೆಲ್ಲ?" ಎಂದರು ಮಾಲಕರು.

ಒಂದು ದಿನವೂ ತೆಗೆದಿರಲಿಲ್ಲ. "ಫ್ಲಾಪಿ ಕೆಟ್ಟಾವ್ರಿ" ಎಂದುಬಿಟ್ಟೆ. ಅವರು ಫ್ಲಾಪಿ ಮಾರಿದ ಅಂಗಡಿಯವನಿಗೆ ಫೋನ್ ಹಚ್ಚಿ ಅವನ ಜನ್ಮ ಜಾಲಾಡಿದರು.

ಮಾಸ್ತರರು ಡ್ರಾಯರಿನಲ್ಲಿದ್ದ ಫ್ಲಾಪಿ ಡಬ್ಬಿ ನೋಡಿದರು. ಮೇಲಿನ ಪ್ಲಾಸ್ಟಿಕ್ ಕೂಡ ಹರಿದಿರಲಿಲ್ಲ. ಡ್ರಾಯರ್ ಮುಚ್ಚಿದರು. ಅರ್ಜಿಗಳ ಗಂಟು ಬಿಚ್ಚಿ ಮೊದಲಿನಿಂದ ಓದತೊಡಗಿದರು. ನಾಲ್ಕು ದಿನ. ಅವರ ತುಟಿಯಿಂದ ರಕ್ತ ಬಂತು, ದನಿ ಬಿದ್ದುಹೋಗಿ ಪಿಸುಮಾತಷ್ಟೇ ಉಳಿಯಿತು. ನನ್ನ ಬೆರಳು ಮರಗಟ್ಟಿದವು. ಯಾರ ಮದುವೆಯೂ ಬೇಡ, ಏನೂ ಬೇಡ ಎನ್ನಿಸುವ ಹೊತ್ತಿಗೆ ಕಡೆಯ ಅರ್ಜಿ ಮುಗಿಯಿತು.

"ಈಗ ಹೋಗಿ ಖರೆ ಹೇಳು, ತಂಗಿ."

"ಬ್ಯಾಟರಿ ಹಾಕಿಸಲಾರದ್ದು ಅವರ ತಪ್ಪಲ್ರಿ, ಸರ್?"

"ಅವರ ತಪ್ಪ ಅವರದು, ನಿಂದು ನಿಂದು. ಆ ಅಂಗಡಿಯಂವ ಏನ್ ಮಾಡಿದ್ದ? ನಡಿ, ನಾನೂ ಬರ್ತೇನಿ."

ಹೇಳಿದೆ. "ನಾಳಿಂದ ಬರಬ್ಯಾಡ" ಎಂದರು ಮಾಲಕರು. ಮಾಸ್ತರರು ಎಷ್ಟು ಕೇಳಿಕೊಂಡರೂ ಮನಸ್ಸು ಕರಗಲಿಲ್ಲ.

ನನಗೆ ಕೆಟ್ಟ ಸಿಟ್ಟು ಬಂತು, ಮಾಲಕರ ಮೇಲಲ್ಲ, ಮಾಸ್ತರರ ಮೇಲೆ. ಪೆನ್ಶನ್ ಬರುವ ಮುದುಕ, ನೀತಿ ಹೇಳಲು ಏನು ಕಷ್ಟ ಎಂದು ಕುದಿದೆ. ಎರಡು ತಿಂಗಳಲ್ಲಿ ಗೋಕಾಕದ ಒಂದು ಆಫೀಸಿನಲ್ಲಿ ನೌಕರಿ ಸಿಕ್ಕಿತು. ನನ್ನ ಟೈಪಿಂಗ್ ನೋಡಿ ಕೊಟ್ಟರೆಂದು ಬೀಗಿದೆ. ಒಮ್ಮೆ ಹುಕ್ಕೇರಿ ಬಸ್ ಸ್ಟ್ಯಾಂಡಿನಲ್ಲಿ ಅವರು "ಆರಾಮ ಅದಿಯೇನ ತಂಗಿ?" ಎಂದಾಗ ಬೇಕಂತಲೇ ಮುಖ ತಿರುಗಿಸಿ ಬಸ್ ಹತ್ತಿದೆ.

ಮೂರನೆಯ ವರ್ಷ ಅವರು ತೀರಿಕೊಂಡ ಸುದ್ದಿ ಬಂತು. ನಾನು ರಜೆ ಕೇಳಲಿಲ್ಲ. ಸಾಹೇಬರೇ ನನ್ನ ಟೇಬಲ್ಲಿಗೆ ಬಂದರು.

"ಮಣ್ಣಿಗೆ ಹೋಗಲಿಲ್ಲೇನವಾ? ನಿನಗ ನೌಕರಿ ಕೊಡ್ರಿ ಅಂತ ಹೇಳಾಕ ಮೂರ ಸಲ ಬಂದಿದ್ರು ಅವರು. ತಪ್ಪ ಮಾಡ್ಯಾಳ, ಆದ್ರ ಯಾರೂ ಕೇಳಲಾರದ ತಾನ ಬಂದು ಖರೆ ಹೇಳ್ಯಾಳ ಅಂದ್ರು."

ತಾನೇ ಬಂದಳಂತೆ! ಎಳೆದುಕೊಂಡು ಹೋದವರು ಅವರು. ನನಗೆ ತಿಳಿದಂತೆ ಆ ಮನುಷ್ಯ ಹೇಳಿದ ಸುಳ್ಳು ಅದೊಂದೇ. ಅಳುತ್ತಲೇ ಬಸ್ ಹಿಡಿದೆ. ಹುಕ್ಕೇರಿ ಮುಟ್ಟುವಷ್ಟರಲ್ಲಿ ಮಣ್ಣಿಗೆ ಹೋದವರೆಲ್ಲ ತಿರುಗಿ ಬರುತ್ತಿದ್ದರು.